ಕಾಕಾನ ನೋಟ್‌ಬುಕ್ಕಿನ್ಯಾಗ ಇದ್ದದ್ದು ಒಂದ ನಂಬರ್

ಭಾಗ 1/7

ಫೋಟೋದಾಗ ಕಾಣಾಕತ್ತಿದ್ದು ನಮ್ಮ ಕಾಕಾನ ನೋಟ್‌ಬುಕ್. 2004ನೇ ಇಸವಿದು. ದೀಪಾವಳಿ ಮುಂದ ಟ್ರಂಕ್ ಸ್ವಚ್ಛ ಮಾಡುವಾಗ ಸಿಕ್ತು. ಮುಂದಿನ ಅರ್ಧದಾಗ ಡಿಪ್ಲೊಮಾದ ಲೆಕ್ಕ. ಹಿಂದಿನಿಂದ ಉಲ್ಟಾ ಹಿಡಿದು ತೆಗೆದ್ರ ದಪ್ಪ ಅಕ್ಷರದಾಗ ಒಂದು ತಲೆಬರಹ: ‘ಇಂಟರ್ನೆಟ್ ಹಚ್ಚುವ ಕ್ರಮ’. ಒಟ್ಟು ಹದಿನಾಲ್ಕು ಹೆಜ್ಜೆ. ಒಂದೊಂದು ಹೆಜ್ಜೆ ಮುಂದ ಪೆನ್ಸಿಲಿನಿಂದ ‘ಯಾಕ’ ಅಂತ ಬರೆದು, ಅದರ ಕಾರಣ.

ಹೌದ್ರಿ, ಆಗ ಇಂಟರ್ನೆಟ್ ‘ಹಚ್ಚಬೇಕಿತ್ತು’. ಒಲಿ ಹಚ್ಚಿದಂಗ, ಹೊಲದಾಗ ಪಂಪ್‌ಸೆಟ್ ಹಚ್ಚಿದಂಗ. ಕೆಲಸ ಮುಗಿದ ಮ್ಯಾಲ ಆರಸಬೇಕಿತ್ತು. ನಮಗ, ನಿಮಗ ಅದು ಗೊತ್ತಿಲ್ಲ. ನಮಗ ತಿಳಿವಳಿಕಿ ಬರೂದ್ರಾಗ ನೆಟ್ ಗಾಳಿ ಇದ್ದಂಗ ಎಲ್ಲಾ ಕಡೆ ಇತ್ತು.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೇನಿ. ಅಂದಿನ ಸೆಟಪ್ ಭಾಳ ತ್ರಾಸಿಂದು. ಆದ್ರ ಅದನ್ನ ಮಾಡಿದವಂಗ, ನಾ ಯಾರಿಗೆ ಫೋನ್ ಹಚ್ಚಾಕತ್ತೇನಿ, ಏನು ಕೊಡಾಕತ್ತೇನಿ, ಯಾವಾಗ ಕಟ್ ಆಗ್ತದ ಅನ್ನೂದು ಗೊತ್ತಿರ್ತಿತ್ತು. ಇವತ್ತಿನ ಸೆಟಪ್ ಭಾಳ ಹಗುರ. ಆದ್ರ ಅದರಾಗ ನಾವು ಏನು ಕೊಟ್ವಿ ಅನ್ನೂದು ನಮಗ ಗೊತ್ತಾಗೂದಿಲ್ಲ. ತ್ರಾಸು ವಾಪಸ್ ಬರೂದು ಬ್ಯಾಡ. ಗೊತ್ತಿರೂದು ಮಾತ್ರ ಬೇಕ ಬೇಕು.

ಈ ಸೀರೀಸ್ ಬರಿಯಾಕ ಇನ್ನೊಂದು ಕಾರಣ ಐತಿ. ಹೋದ ವರ್ಷ ನಿಮ್ಮಲ್ಲಿ ಭಾಳ ಮಂದಿಯ ಫೋನಿಗೆ ನನ್ನ ಫೋಟೋ ಹಾಕಿದ ಒಂದು ಮೆಸೇಜ್ ಬಂದಿತ್ತಲ್ಲ? ಆ ಮಾತು ಭಾಗ 6ರಾಗ ಐತಿ. ಅಲ್ಲೀತನಕ ಓದ್ರಿ.

ಭಾಗ 2/7

ಮೊದಲ ಸ್ವಲ್ಪ ಇತಿಹಾಸ. ಪರೀಕ್ಷೆಗೆ ಅಲ್ಲ, ಹೆದರಬ್ಯಾಡ್ರಿ.

ಭಾರತದಲ್ಲಿ ಇಂಟರ್ನೆಟ್ ಮೊದಲು ಬಂದದ್ದು ಜನರ ಮನೆಗಲ್ಲ. 1986ರಲ್ಲಿ ಶುರುವಾದ ಅರ್ನೆಟ್ ಅನ್ನೋ ಜಾಲದಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿಯಂಥ ಸಂಸ್ಥೆಗಳು ಇದ್ದವು. ಸಾಮಾನ್ಯ ಜನರಿಗೆ ಅದು ಸಿಕ್ಕದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮ ಅಂದ್ರ ವಿಎಸ್‌ಎನ್‌ಎಲ್ ಮೂಲಕ. ಅದೂ ಮೊದಲು ಮುಂಬೈ, ದಿಲ್ಲಿ, ಕಲ್ಕತ್ತಾ, ಮದ್ರಾಸ್‌ಗಳಲ್ಲಿ. ಬೆಂಗಳೂರಿಗೆ ಆಮೇಲೆ ಬಂತು.

ರೇಟ್ ಕೇಳ್ರಿ. ಸೆಕೆಂಡಿಗೆ 9.6 ಕಿಲೋಬಿಟ್ ವೇಗದ ಕನೆಕ್ಷನ್, 250 ತಾಸಿಗೆ ಒಬ್ಬ ವ್ಯಕ್ತಿಗೆ 5,000 ರೂಪಾಯಿ. ಸಂಸ್ಥೆಗಳಿಗೆ 15,000. ಇದು 1995ರ ರೂಪಾಯಿ ಅನ್ನೂದು ನೆನಪಿರಲಿ. ಕಡಿಮೆ ರೊಕ್ಕದ ‘ಶೆಲ್’ ಅಕೌಂಟಿನಲ್ಲಿ ಚಿತ್ರ ಇಲ್ಲ, ಮೌಸ್ ಇಲ್ಲ. ಕರಿ ಪರದೆ ಮೇಲೆ ಬರೇ ಅಕ್ಷರ.

ನಮ್ಮ ಕಡೆಯವರಿಗೆ ಅದರ ಮ್ಯಾಲ ಇನ್ನೊಂದು ಖರ್ಚು. ಆಗ ನಮ್ಮ ಜಮಖಂಡಿ ಇನ್ನೂ ವಿಜಾಪುರ ಜಿಲ್ಲಾದಾಗಿತ್ತು, ಬಾಗಲಕೋಟೆ ಜಿಲ್ಲಾ ಆಗಿದ್ದು 1997ರಾಗ. ಇಲ್ಲಿಂದ ಆ ದೊಡ್ಡ ಊರುಗಳ ನಂಬರಿಗೆ ಫೋನ್ ಹಚ್ಚಬೇಕಂದ್ರ ಎಸ್‌ಟಿಡಿ. ನೆಟ್ಟಿನ ರೊಕ್ಕ ಬ್ಯಾರೆ, ಎಸ್‌ಟಿಡಿ ರೊಕ್ಕ ಬ್ಯಾರೆ. ಯಾರು ಹಚ್ಚ್ಯಾರು?

1998ರ ನವೆಂಬರಿನಲ್ಲಿ ಖಾಸಗಿ ಕಂಪನಿಗಳಿಗೂ ಸರ್ಕಾರ ಬಾಗಿಲು ತೆರೆಯಿತು. 2000ದ ಅಕ್ಟೋಬರ್ 1ಕ್ಕೆ ಬಿಎಸ್‌ಎನ್‌ಎಲ್ ಹುಟ್ಟಿತು. ಆಮೇಲೆ ಬಂದದ್ದು 172233. ಇದು ನಮ್ಮ ಕಾಕಾನ ನೋಟ್‌ಬುಕ್ಕಿನ ಮೊದಲ ಪುಟದಾಗ ಕೆಂಪು ಪೆನ್ನಿಲೆ ಚೌಕ ಹಾಕಿ ಬರೆದಿಟ್ಟ ನಂಬರ್. ಮನಿ ಲ್ಯಾಂಡ್‌ಲೈನಿನಿಂದ ಅದಕ್ಕ ಹಚ್ಚಿದ್ರ ಸಾಕು. ಮೊದಲ ಅಕೌಂಟ್ ತೆಗಿಸೂದು ಬ್ಯಾಡ. ಯಾವ ಫೋನಿನಿಂದ ಬಂದ ಕಾಲ್ ಅಂತ ನೋಡಿ, ಆ ಫೋನಿನ ಬಿಲ್ಲಿಗೆ ಸೇರಿಸ್ತಿದ್ರು.

ಇಂಟರ್ನೆಟ್ ಅಂದ್ರ ಕಾಕಾಗ ಒಂದು ಫೋನ್ ನಂಬರ್. ಆ ಕಡೆ ಫೋನ್ ಎತ್ತಾವ ಒಬ್ಬ ಇದ್ದಾನ ಅನ್ನೂದು ಅವಂಗ ಗೊತ್ತಿತ್ತು.

ಭಾಗ 3/7

ಈಗ ಹದಿನಾಲ್ಕು ಹೆಜ್ಜೆಯೊಳಗ ಕೆಲವು. ಕಂಪ್ಯೂಟರ್ ಸೆಕೆಂಡ್ ಹ್ಯಾಂಡ್, ವಿಂಡೋಸ್ 98. ಮುಂದಿನ ಫೋಟೋ ಜೂಮ್ ಮಾಡಿ ನೋಡ್ರಿ, ಕಾಕಾನ ಅಕ್ಷರ ಚಲೋ ಅದಾವ.

‘ಗ್ವಾಡಿ ವಾಯರ್ ಮೋಡೆಮಿನ ಲೈನ್ ಅನ್ನೋ ತೂತಿಗೆ. ಫೋನ್ ಅನ್ನೋ ತೂತಿಗೆ ಅಲ್ಲ.’ ಯಾಕ? ಎರಡೂ ಒಂದ ಥರ ಕಾಣ್ತಾವ. ಲೈನ್ ಅನ್ನೂದು ಎಕ್ಸ್‌ಚೇಂಜಿಗೆ ಹೋಗ್ತದ, ಇನ್ನೊಂದು ಫೋನಿನ ಡಬ್ಬಿಗೆ.

‘ಹೈಪರ್ ಟರ್ಮಿನಲ್ ತೆಗೆದು ಎಟಿ ಹೊಡಿ, ಎಂಟರ್. ಓಕೆ ಅಂತ ಬರಬೇಕು.’ ಯಾಕ? ಮೋಡೆಮ್ ಎಚ್ಚರ ಐತೋ ಇಲ್ಲೋ ನೋಡಾಕ. ‘ಎಟಿ’ ಅಂದ್ರ ‘ಅಟೆನ್ಶನ್’. ಪಿಟಿ ಸರ್ ‘ಸಾವಧಾನ್’ ಅಂದಂಗ. 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ತಂದ ಈ ಭಾಷೆಯನ್ನೇ ಆಮೇಲೆ ಎಲ್ಲಾ ಕಂಪನಿಗಳ ಮೋಡೆಮ್‌ಗಳೂ ಕಲಿತವು. ಎಟಿಡಿ ಅಂದ್ರ ಡಯಲ್ ಮಾಡು. ಅದರ ಮುಂದ ‘ಟಿ’ ಇದ್ರ ಟೋನ್. ‘ಪಿ’ ಇದ್ರ ಪಲ್ಸ್, ಹಳೇ ಎಕ್ಸ್‌ಚೇಂಜಿಗೆ ಟಕ್ ಟಕ್ ಅಂತ ಎಣಿಸಿ ಹೇಳೂದು. ಎಟಿಎಚ್ ಅಂದ್ರ ಫೋನ್ ಇಡು.

‘ಡಯಲ್ ಟೋನಿಗೆ ಕಾಯಿ ಅನ್ನೋ ಕಡೆ ಟಿಕ್ ತೆಗಿ.’ ಯಾಕ? ಮೋಡೆಮ್ ಹೊರದೇಶದ ಡಯಲ್ ಟೋನಿಗೆ ಕಿವಿಗೊಟ್ಟು ಕುಂತಿರ್ತದ. ನಮ್ಮ ಲೈನಿನ ಸಪ್ಪಳ ಬ್ಯಾರೆ. ಲೈನ್ ಇದ್ರೂ ‘ಲೈನ್ ಇಲ್ಲ’ ಅಂತದ.

‘ಏರಿಯಾ ಕೋಡ್ ಟಿಕ್ ತೆಗಿ.’ ಯಾಕ? ಇಲ್ಲಂದ್ರ ನಂಬರಿನ ಹಿಂದ ತಾನ ಕೋಡ್ ಸೇರಿಸಿ ಯಾರದೋ ಮನಿಗೆ ಹಚ್ಚೀತು.

‘ಐದು ನಿಮಿಷ ಸುಮ್ಮನಿದ್ರ ಕಟ್ ಮಾಡು, ಟಿಕ್ ಹಾಕು.’ ಯಾಕ? ‘ಬಿಲ್.’ ಇದೊಂದಕ್ಕ ಒಂದ ಶಬ್ದ ಬರೆದಾನ, ಕೆಳಗ ಎರಡು ಗೆರಿ ಎಳೆದಾನ.

ಇನ್ನು ಹನ್ನೊಂದನೇ ಹೆಜ್ಜೆ. ಇದನ್ನ ನೆನಪಿಟ್ಕೋರಿ. ‘ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ಚಾಲೂ ಐತಿ, ಬಂದ್ ಮಾಡಲೇ ಅಂತ ಕೇಳ್ತದ. ಹೌದು ಅನ್ನು.’ ಯಾಕ? ‘ನಮ್ಮ ಮನಿ ಫೈಲ್ ಊರ ಮಂದಿಗೆ ಕಾಣಬಾರದು.’

ಇಪ್ಪತ್ತು ವರ್ಷದ ಹಿಂದ, ನಿಮಿಷಕ್ಕ ರೊಕ್ಕ ಕೊಡೋ ಲೈನಿನ ಮ್ಯಾಲ, ಒಂದು ಹಳೇ ಕಂಪ್ಯೂಟರ್ ಅವಂಗ ಈ ಪ್ರಶ್ನೆ ಕೇಳ್ತು. ಅಂವ ಓದಿದ, ತಿಳ್ಕೊಂಡ, ಆಮೇಲೆ ಉತ್ತರ ಕೊಟ್ಟ.

ಭಾಗ 4/7

ಮೋಡೆಮಿನ ಆ ಸಪ್ಪಳ ನೀವು ರೀಲ್ಸ್‌ನಾಗ ಕೇಳಿರ್ತೀರಿ. ಕೀಂ… ಕರ್ರ್… ಟಿಂವ್ ಟಿಂವ್. ಅದು ಸುಮ್ಮನ ಗದ್ದಲ ಅಲ್ರಿ.

ಟೆಲಿಫೋನ್ ಲೈನ್ ಮಾಡಿದ್ದು ಮನುಷ್ಯರ ಮಾತಿಗೆ. ಅಂದಾಜು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ ಅದರಾಗ ದಾಟ್ತದ. ಕಂಪ್ಯೂಟರಿಗೆ ಧ್ವನಿ ಇಲ್ಲ, ಇರೋದು ಸೊನ್ನೆ ಮತ್ತು ಒಂದು. ಮೋಡೆಮ್ ಅದನ್ನು ಧ್ವನಿಯಾಗಿ ಬದಲಿಸಿ ಕಳಿಸುತ್ತೆ, ಆ ಕಡೆಯ ಮೋಡೆಮ್ ಮತ್ತೆ ಅಂಕಿಯಾಗಿ ಬದಲಿಸುತ್ತೆ. ಮಾಡ್ಯುಲೇಟ್, ಡಿಮಾಡ್ಯುಲೇಟ್. ಅದಕ್ಕ ‘ಮೋಡೆಮ್’ ಅನ್ನೋ ಹೆಸರು. ಆ ಕಡೆಯದು ಮೊದಲು 2,100 ಹರ್ಟ್ಸ್‌ನ ಒಂದು ಉದ್ದ ಕೂಗು ಹಾಕಿ ‘ನಾ ಮನುಷ್ಯ ಅಲ್ಲ, ಮೋಡೆಮ್’ ಅಂತದ. ಆಮೇಲೆ ಎರಡೂ ಕೂಡಿ ಲೈನ್ ಎಷ್ಟು ಸ್ವಚ್ಛ ಐತಿ ನೋಡಿ, ಎಷ್ಟು ಜೋರಾಗಿ ಓಡೂದು ಅಂತ ಮಾತು ಮುಗಿಸ್ತಾವ. ಅಲ್ಲಿಗೆ ಸ್ಪೀಕರ್ ಬಂದ್.

ಸ್ಪೀಕರ್ ಇಟ್ಟಿದ್ದ ಯಾಕಂದ್ರ, ತಪ್ಪು ನಂಬರಿಗೆ ಹತ್ತಿದ್ರ, ಲೈನ್ ಎಂಗೇಜ್ ಇದ್ರ, ಕುಂತಾವಂಗ ಕಿವಿಗೆ ಗೊತ್ತಾಗ್ಲಿ ಅಂತ. ಒಳಗ ಏನು ನಡದೈತಿ ಅನ್ನೂದು ಹೊರಗ ಕೇಳಸ್ತಿತ್ತು.

ವೇಗ? ಡಬ್ಬಿ ಮ್ಯಾಲ 56ಕೆ ಅಂತ ಬರೆದಿತ್ತು. ಹಳ್ಳಿ ಲೈನಿನಾಗ 40 ಸಿಕ್ರ ಪುಣ್ಯ. ಲೆಕ್ಕ ಹಾಕ್ರಿ: 40 ಕಿಲೋಬಿಟ್ ಅಂದ್ರ ಸೆಕೆಂಡಿಗೆ 5 ಕಿಲೋಬೈಟ್. ಈ ಪೋಸ್ಟಿನ ಒಂದು ಫೋಟೋ 3 ಎಂಬಿ ಇದ್ರ, ಅದೊಂದಕ್ಕ ಹತ್ತು ನಿಮಿಷ. ಕಾಕಾ ಪುಣೆದಾಗಿದ್ದ ದೋಸ್ತಂಗ ಇಮೇಲ್ ಬರೀಬೇಕಂದ್ರ ಮೊದಲ ನೋಟ್‌ಪ್ಯಾಡಿನಾಗ ಬರೆದು, ಆಮೇಲೆ ನೆಟ್ ಹಚ್ಚಿ, ಕಳಿಸಿ, ಲಗೂನ ಕಟ್ ಮಾಡ್ತಿದ್ದ.

ಒಂದು ಸಲ ಮಾತ್ರ ಕಟ್ ಮಾಡ್ಲಿಲ್ಲ. ಮಧ್ಯಾಹ್ನ ಎರಡು ತಾಸು ಏನೋ ಇಳಸ್ಕೋತ ಕುಂತ. ಫೋನ್ ಎಂಗೇಜ್. ಅವತ್ತ ಕಬ್ಬು ಕಡಿಯೋ ಗ್ಯಾಂಗಿನವ್ರು ‘ನಾಳೆ ಬರ್ತೇವಿ’ ಅಂತ ಹೇಳಾಕ ನಮ್ಮ ಮನಿಗೆ ಹಚ್ಚ್ಯಾರ, ಹತ್ತಿಲ್ಲ. ಬ್ಯಾರೆಯವರ ಹೊಲಕ್ಕ ಹೋದ್ರು. ನಮ್ಮ ಕಬ್ಬು ಮತ್ತ ಹದಿನೈದು ದಿವಸ ನಿಂತು ಒಣಗಿ ತೂಕ ಕಳ್ಕೊಂತು. ಅಜ್ಜ ಮರುದಿವಸ ಫೋನಿಗೆ ಸಣ್ಣ ಬೀಗ ಹಾಕಿದ.

ಕಾಕಾನ ತಪ್ಪಿಗೆ ಇಡೀ ಮನಿ ದಂಡ ಕಟ್ಟಿತು. ಖರೆ. ಆದ್ರ ಏನು ತಪ್ಪಾತು, ಯಾವ ತಾಸಿಗೆ ಆತು, ಯಾರಿಂದ ಆತು ಅನ್ನೂದು ಮನ್ಯಾಗ ಎಲ್ಲಾರಿಗೂ ಗೊತ್ತಾತು. ಬಿಲ್ಲಿನಾಗೂ ಬಂತು.

ಭಾಗ 5/7

‘ಹಳೇದ ಬಂಗಾರ’ ಅಂತ ಹೇಳಾಕ ಹೊಂಟೇನಿ ಅಂತ ತಿಳ್ಕೋಬ್ಯಾಡ್ರಿ. ಹಂಗ ಹೇಳಿದ್ರ ಸುಳ್ಳಾಗ್ತದ.

ಆ ಹದಿನಾಲ್ಕು ಹೆಜ್ಜೆ ದಾಟಾಕ ಏನೇನು ಬೇಕಿತ್ತು ನೋಡ್ರಿ. ಕಂಪ್ಯೂಟರ್ ಬೇಕು. ಲ್ಯಾಂಡ್‌ಲೈನ್ ಬೇಕು. ಕರೆಂಟ್ ಬೇಕು. ಇಂಗ್ಲಿಷ್ ಬೇಕು. ಡಿಪ್ಲೊಮಾ ಓದೋ ಒಬ್ಬ ಹುಡುಗ ಬೇಕು. ಹೌದು, ಹುಡುಗ. ನಮ್ಮ ಅತ್ತಿ ಕಾಕಾಗಿಂತ ಶ್ಯಾಣ್ಯಾ ಇದ್ಲು. ಆದ್ರ ಆ ಕಂಪ್ಯೂಟರ್ ಮುಂದ ಆಕಿನ್ನ ಯಾರೂ ಕುಂಡ್ರಸಲಿಲ್ಲ.

ಕನ್ನಡದ ಕತಿ ಇನ್ನೂ ಬ್ಯಾರೆ. ಯು. ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಅಂತರಜಾಲಕ್ಕೆ ಬಂದಿತ್ತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ಹಿಂದೆ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಇತ್ತು. ಆದರೆ ಕಾಕಾನ ವಿಂಡೋಸ್ 98ಕ್ಕೆ ಅದು ಬರ್ತಿರಲಿಲ್ಲ. ‘ತುಂಗಾ’ ಫಾಂಟ್ ಜೊತೆ ಕನ್ನಡ ತೋರಿಸೋ ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ನಮ್ಮ ಮನಿಗೆ ಬರಲೇ ಇಲ್ಲ. ಕನ್ನಡದ ಪುಟ ತೆಗೆದ್ರ ಇಂಗ್ಲಿಷ್ ಅಕ್ಷರ, ಚುಕ್ಕಿ, ಡಾಲರ್ ಗುರ್ತು ಎಲ್ಲಾ ಕಲಸಿದ ಚಿತ್ರಾನ್ನ. ಅದಕ್ಕ ಹನ್ನೆರಡನೇ ಹೆಜ್ಜೆ: ‘ಪುಟದ ಫಾಂಟ್ ಮೊದಲ ಇಳಸ್ಕೊ.’ ಓದೂ ಮೊದಲ ಅಕ್ಷರ ತರಬೇಕಿತ್ತು.

ಇವತ್ತ ನಮ್ಮ ಅವ್ವ, ಇಂಗ್ಲಿಷ್ ಒಂದಕ್ಷರ ಬಾರದಾಕಿ, ಬನಹಟ್ಟಿಯೊಳಗ ಇರೋ ಅಕ್ಕಗ ದಿನಾ ವಿಡಿಯೋ ಕಾಲ್ ಮಾಡ್ತಾಳ. ಕನ್ನಡದಾಗ ಮಾತಾಡಿ ಹುಡುಕ್ತಾಳ. ಯಾವ ಹದಿನಾಲ್ಕು ಹೆಜ್ಜೆನೂ ಇಲ್ಲ. ಇದನ್ನ ಬಿಟ್ಟು ಹಿಂದಕ ಹೋಗ್ರಿ ಅನ್ನಾವ್ರು ಯಾರರ ಇದ್ರ, ಅವರು ನಮ್ಮ ಅವ್ವನ ಮುಂದ ನಿಂತು ಹೇಳಲಿ.

ನನ್ನ ತಕರಾರು ಬ್ಯಾರೆ ಐತಿ. ಹೆಜ್ಜೆಗಳನ್ನ ತೆಗೆದಾಗ, ಅದರ ಮುಂದಿದ್ದ ‘ಯಾಕ’ ಕೂಡ ಹೋತು.

ಭಾಗ 6/7

ಈಗ ಆ ಮೆಸೇಜ್.

ಹೋದ ವರ್ಷ ಸೆಮಿಸ್ಟರ್ ಫೀ ಕಟ್ಟೂ ಕಡೀ ದಿನ. ಮೂರು ಸಾವಿರ ಕಮ್ಮಿ ಬಿತ್ತು. ಮನ್ಯಾಗ ಕೇಳಾಕ ಮನಸಾಗ್ಲಿಲ್ಲ, ಕಬ್ಬಿನ ಬಿಲ್ ಇನ್ನೂ ಬಂದಿರಲಿಲ್ಲ. ನಿಮ್ಮನ್ನ ಕೇಳಾಕ ನಾಚಿಕಿ. ಯಾವುದೋ ಒಂದು ಲಿಂಕ್ ಬಂತು: ಐದು ನಿಮಿಷದಾಗ ಸಾಲ, ಕಾಗದ ಪತ್ರ ಬ್ಯಾಡ. ಪ್ಲೇ ಸ್ಟೋರಿಂದ ಅಲ್ಲ, ನೇರ ಲಿಂಕಿಂದ ಇಳಸ್ಕೊಂಡೆ.

ಫೋನ್ ಎಚ್ಚರಿಸ್ತು: ಗೊತ್ತಿಲ್ಲದ ಕಡೆಯಿಂದ ಬಂದ ಆ್ಯಪ್. ಅಲೋ. ಕಾಂಟ್ಯಾಕ್ಟ್ಸ್? ಅಲೋ. ಫೋಟೋ? ಅಲೋ. ಎಸ್‌ಎಂಎಸ್? ಅಲೋ. ಕ್ಯಾಮೆರಾ? ಅಲೋ. ಐದು ಸಲ ಒತ್ತಿದೆ. ಅರ್ಧ ನಿಮಿಷ ಸೈತ ಹಿಡೀಲಿಲ್ಲ.

ಮೂರು ಸಾವಿರ ಕೇಳಿದ್ದೆ, ‘ಚಾರ್ಜ್’ ಹಿಡ್ಕೊಂಡು ಬಂದದ್ದು ಸಾವಿರದ ಒಂಬೈನೂರು. ಏಳು ದಿನದಾಗ ಮೂರು ಸಾವಿರ ವಾಪಸ್ ಕಟ್ಟಬೇಕು. ಆರನೇ ದಿನಕ್ಕ ಫೋನ್ ಶುರುವಾದ್ವು. ಏಳನೇ ದಿನ ಮುಂಜಾನೆ, ನನ್ನ ಫೋಟೋ ಹಾಕಿ, ‘ಇಂವ ಕಳ್ಳ, ಸಾಲ ತಗೊಂಡು ಓಡಿ ಹೋಗ್ಯಾನ, ಜಾಮೀನಿಗೆ ನಿಮ್ಮ ನಂಬರ್ ಕೊಟ್ಟಾನ’ ಅನ್ನೋ ಅರ್ಥದ ಮೆಸೇಜ್ ಹೋತು. ನನ್ನ ಫೋನಿನ್ಯಾಗ 386 ನಂಬರ್ ಇದ್ವು. ನೀವು. ಹಾಸ್ಟೆಲ್ ಸರ್. ಸ್ವಾದರಮಾವ. ಹಾಲಿನ ಡೇರಿ. ಅಕ್ಕನ ಗಂಡನ ಮನಿಯವ್ರು.

ನಿಮ್ಮೊಳಗ ಕೆಲವರು ಅವತ್ತ ನನಗ ಫೋನ್ ಮಾಡಿ ‘ಎಷ್ಟು ಬೇಕಲೇ’ ಅಂತ ಕೇಳಿದ್ರಿ. ಅದನ್ನ ನಾ ಮರಿಯೂದಿಲ್ಲ. ಕೆಲವರು ಬ್ಲಾಕ್ ಮಾಡಿದ್ರಿ. ಅದೂ ತಪ್ಪಲ್ಲ. ಒಬ್ಬಾಕಿಗೆ ಮಾತ್ರ, ಆಕಿ ನಂಬರ್ ನನ್ನ ಹತ್ರ ಇತ್ತು ಅನ್ನೋ ಒಂದ ಕಾರಣಕ್ಕ, ವಾರಗಟ್ಲೆ ಹೊಲಸು ಕಾಲ್ ಬಂದ್ವು. ಆಕಿ ಸಿಮ್ ಬದಲಿಸಬೇಕಾತು. ಆಕಿ ಮನ್ಯಾಗ ಆಕಿನ್ನ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದಾವ ನಾನು.

ಸಾಲ ನಂದು. ನಂಬರ್ ನಿಮ್ಮವು. ನಿಮ್ಮನ್ನ ಕೇಳದ ನಿಮ್ಮ ನಂಬರ್ ಕೊಟ್ಟೆ. ಎಲ್ಲಾರ ಮುಂದ ಹೇಳ್ತೇನಿ: ತಪ್ಪಾತು.

ಕಾಕಾನ ನೋಟ್‌ಬುಕ್ಕಿನ್ಯಾಗ ಇದ್ದದ್ದು ಒಂದ ನಂಬರ್. ಅದು ಅಂವ ಹಚ್ಚೂ ನಂಬರ್. ನಾ ಕೊಟ್ಟದ್ದು 386, ಅದರಾಗ ನಂದು ಒಂದೂ ಇಲ್ಲ.

ಭಾಗ 7/7

ಈಗ ಏನು ಮಾಡೂದು? ಉಪದೇಶ ಬ್ಯಾಡ, ಕೆಲಸ ಹೇಳ್ತೇನಿ.

ಮೊದಲ ಕಾನೂನು ತಿಳ್ಕೋರಿ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಡಿಜಿಟಲ್ ಸಾಲಕ್ಕೆ ನಿಯಮ ಮಾಡಿತು. ಸಾಲದ ಆ್ಯಪ್‌ಗಳು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಫೈಲು-ಫೋಟೋ, ಕಾಲ್ ದಾಖಲೆ ಮುಟ್ಟುವಂತಿಲ್ಲ. ಕ್ಯಾಮೆರಾ, ಮೈಕ್, ಲೊಕೇಶನ್ ಬೇಕಾದ್ರೂ ಒಂದೇ ಸಲ, ಗುರುತು ಪರಿಶೀಲನೆಗೆ, ನಿಮ್ಮ ಒಪ್ಪಿಗೆ ಮೇಲೆ. 2023ರಿಂದ ಗೂಗಲ್ ಪ್ಲೇ ಕೂಡ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಮತ್ತು ಫೋಟೋ ಕೇಳುವಂತಿಲ್ಲ ಅಂತ ಹೇಳಿದೆ. ಅಂದ್ರ ಸಾಲದ ಆ್ಯಪ್ ಒಂದು ನಿಮ್ಮ ಕಾಂಟ್ಯಾಕ್ಟ್ ಕೇಳ್ತು ಅಂದ್ರ ಅಲ್ಲೇ ನಿಲ್ರಿ. ಅದು ಕಳ್ಳ ಅನ್ನಾಕ ಅದ ಸಾಕ್ಷಿ.

ಎರಡನೇದು, ಇವತ್ತ ರಾತ್ರಿ ಊಟ ಆದ ಮ್ಯಾಲ ಫೋನಿನ ಸೆಟ್ಟಿಂಗ್ಸ್‌ನಾಗ ‘ಪರ್ಮಿಶನ್ ಮ್ಯಾನೇಜರ್’ ಹುಡುಕ್ರಿ. ಆಂಡ್ರಾಯ್ಡ್ ಆ್ಯಪ್‌ಗಳು ಒಂದೊಂದಾಗಿ ಕೇಳಬೇಕು, ನಾವು ಬ್ಯಾಡ ಅನ್ನಬಹುದು ಅನ್ನೋ ಪದ್ಧತಿ 2015ರ ಆವೃತ್ತಿಯಿಂದ ಐತಿ. ಕೊಟ್ಟದ್ದನ್ನ ವಾಪಸ್ ತಗೋಬಹುದು. ಕಾಂಟ್ಯಾಕ್ಟ್ಸ್ ಅನ್ನೋದನ್ನ ಒತ್ತಿ ಯಾರ‍್ಯಾರ ಹತ್ರ ನಮ್ಮೆಲ್ಲಾರ ನಂಬರ್ ಐತಿ ನೋಡ್ರಿ.

ಮೂರನೇದು, ಒಂದು ವಾರ ಫೋನಿನ ಭಾಷೆ ಕನ್ನಡ ಮಾಡಿ ನೋಡ್ರಿ. ‘ಅಲೋ’ ಅಂತ ಇದ್ದಾಗ ಬಟ್ಟು ತಾನ ಹೋಗ್ತದ. ‘ಅನುಮತಿಸಿ’ ಅಂತ ಕಂಡಾಗ ಒಂದು ಕ್ಷಣ ನಿಲ್ಲತೈತಿ. ಆ ಒಂದು ಕ್ಷಣ ಸಾಕು.

ನಾಲ್ಕನೇದು, ಸಿಕ್ಕಿ ಬಿದ್ರ ಮುಚ್ಚಿಡಬ್ಯಾಡ್ರಿ. ರೊಕ್ಕ ಹೋದ್ರ ಲಗೂನ 1930ಕ್ಕೆ ಹಚ್ರಿ. ಸಾಲದ ಆ್ಯಪ್ ಬಗ್ಗೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲಿನಲ್ಲಿ ದೂರು ಕೊಡಬಹುದು. ಅದಕ್ಕೂ ಮೊದಲ ಮನ್ಯಾಗ ಹೇಳ್ರಿ. ನಾ ಏಳು ದಿನ ಸುಮ್ಮನಿದ್ದೆ. ಕಾಕಾಗ ಹೇಳಿದ ಮ್ಯಾಲ ಅರ್ಧ ತಾಸಿನಾಗ ಠಾಣೆಗೆ ಹೋಗಿದ್ವಿ.

ಆ್ಯಪ್ ಮಾಡಾವ್ರಿಗೂ ಒಂದು ಮಾತು, ಯಾಕಂದ್ರ ನಮ್ಮ ಕ್ಲಾಸಿನಾಗೂ ನಾಳೆ ಆ್ಯಪ್ ಮಾಡಾವ್ರು ಅದೇವಿ. ‘ಯಾಕ’ ಅನ್ನೂದನ್ನ ನಮ್ಮ ಭಾಷೆದಾಗ, ಕೇಳೂ ಮೊದಲ ಹೇಳ್ರಿ. ಹೇಳಾಕ ಕಾರಣ ಸಿಗಲಿಲ್ಲ ಅಂದ್ರ, ಕೇಳಬ್ಯಾಡ್ರಿ.

ಈ ನೋಟ್‌ಬುಕ್ ಕಾಕಾಗ ತೋರಿಸಿ, ‘ನೀ ಎಷ್ಟು ಶ್ಯಾಣ್ಯಾ ಇದ್ದಿ’ ಅಂದೆ. ನಕ್ಕ. ‘ಶ್ಯಾಣ್ಯಾತನ ಅಲ್ಲೋ, ಬಿಲ್ಲಿನ ಅಂಜಿಕಿ. ನಿಮಿಷಕ್ಕ ರೊಕ್ಕ ಹೋಗ್ತಿತ್ತಲ್ಲ, ಅದಕ್ಕ ಎಲ್ಲಾ ಓದ್ತಿದ್ದೆ’ ಅಂದ. ಆಮೇಲೆ ಅವನ ಫೋನ್ ತಗೊಂಡು ನೋಡಿದ್ವಿ. ಟಾರ್ಚ್ ಆ್ಯಪಿಗೆ ಕಾಂಟ್ಯಾಕ್ಟ್ಸ್ ಕೊಟ್ಟಿದ್ದ! ಹನ್ನೊಂದನೇ ಹೆಜ್ಜೆ ಬರೆದಾವ!

ಅಂದ್ರ ಕಾಕಾನ ಕಾಲ ಶ್ಯಾಣ್ಯಾ, ನಮ್ಮ ಕಾಲ ದಡ್ಡ ಅಂತ ಅಲ್ಲ. ಆಗ ಖರ್ಚು ಕಣ್ಣಿಗೆ ಕಾಣ್ತಿತ್ತು. ಈಗ ಖರ್ಚು ಬ್ಯಾರೆಯವರ ಮನಿಗೆ ಹೋಗ್ತದ, ನಮಗ ಕಾಣೂದಿಲ್ಲ. ಅದಕ್ಕ ಅಂಜಿಕಿ ಬರೂದಿಲ್ಲ. ಅಂಜಿಕಿ ಬರಲಿಲ್ಲಂದ್ರ ಓದೂದಿಲ್ಲ.

ಉಳಿದ ಖಾಲಿ ಪುಟಗಳಾಗ ನಾ ಶುರು ಮಾಡೇನಿ. ಮೂರು ಕಾಲಂ: ಯಾವ ಆ್ಯಪ್, ಏನು ಕೇಳ್ತು, ಯಾಕ. ಮೂರನೇದು ತುಂಬಾಕ ಬರಲಿಲ್ಲಂದ್ರ ಡಿಲೀಟ್. ಮೊದಲ ದಿನ ಒಂಬತ್ತು ಆ್ಯಪ್ ಹೋದ್ವು.

ನಿಮ್ಮ ಫೋನಿನ್ಯಾಗ ನನ್ನ ನಂಬರೂ ಐತಿ. ಅದು ಎಷ್ಟು ಆ್ಯಪಿಗೆ ಕಾಣಾಕತ್ತೈತಿ? ನೋಡಿ ಕಾಮೆಂಟಿನಾಗ ಬರೇ ಅಂಕಿ ಹಾಕ್ರಿ. ನಂದು ಮೊದಲ 14 ಇತ್ತು, ಈಗ 2.

#ಹುನ್ನೂರ #ಜಮಖಂಡಿ #ಬಾಗಲಕೋಟೆ #ಡಯಲಪ್ #ಯಾಕಅಂತಕೇಳ್ರಿ